ಟೆರೇಸಿನ ಮೇಲೆ ಹನ್ನೊಂದು ಗ್ರಾಂ

ಬಾಗಿಲ ಮುಂದಿನ ರಬ್ಬರ್ ಮ್ಯಾಟ್ ಕಾಣೆಯಾದಾಗ ನಾನು ಮೊದಲು ಬೈದದ್ದು ಎದುರುಮನೆಯ ನಾಯಿಯನ್ನು. ಮಾರನೆಯ ದಿನ ಕಿಟಕಿಯ ಕರ್ಟನ್ ಕಂಬಿ ಮಾಯವಾಯಿತು. ಅದರ ಮಾರನೆಯ ದಿನ, ಕೆಟ್ಟು ಅಟ್ಟ ಸೇರಿದ್ದ ಏರ್ ಕೂಲರಿನ ಹೊಟ್ಟೆಯೊಳಗಿನ ಪುಟ್ಟ ಪಂಪು. ನಾಯಿಗೆ ಕೂಲರ್ ಬಿಚ್ಚಲು ಬರುವುದಿಲ್ಲ. ನಮ್ಮ ಮಾವನವರಿಗೆ ಬರುತ್ತದೆ.

"ಮಾವಾ, ಮ್ಯಾಟ್ ಎಲ್ಲಿ?" ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗಿದೆ.

"ಇಲ್ಲೇ ಟೆರೇಸಲ್ಲಿದೆ ಕಣಮ್ಮ. ಕೆಲಸ ಮಾಡ್ತಾ ಇದೆ."

"ಮ್ಯಾಟ್ ಏನ್ ಕೆಲಸ ಮಾಡುತ್ತೆ ಮಾವಾ?"

"ಚಿನ್ನ ಹಿಡಿಯುತ್ತೆ."

ಹತ್ತಿ ಹೋಗಿ ನೋಡಿದೆ. ಮಳೆನೀರು ಇಳಿಯಲು ಸೂರಿಗೆ ಕಟ್ಟುತ್ತಾರಲ್ಲ, ಆ ತಗಡಿನ ದೋಣಿ, ನಾಲ್ಕಡಿ ಉದ್ದದ್ದು, ಎರಡು ಇಟ್ಟಿಗೆಯ ಮೇಲೆ ಇಳಿಜಾರಾಗಿ ಮಲಗಿತ್ತು. ಅದರ ತಳಕ್ಕೆ ನನ್ನ ಮ್ಯಾಟನ್ನು ಕತ್ತರಿಸಿ ಹಾಸಿದ್ದರು. ಅದರ ಮೇಲೆ ನನ್ನ ಕರ್ಟನ್ ಕಂಬಿಯನ್ನು ತುಂಡು ಮಾಡಿ ಗೇಣಿಗೊಂದರಂತೆ ಅಡ್ಡಪಟ್ಟಿ ಕೂರಿಸಿದ್ದರು. ಕೆಳಗಿನ ಟಬ್ಬಿನಿಂದ ಪಂಪು ನೀರೆತ್ತಿ ಮೇಲೆ ಸುರಿಯಬೇಕು, ನೀರು ಧೂಳನ್ನು ಕೊಚ್ಚಿಕೊಂಡು ಬರಬೇಕು, ಹಗುರವಾದದ್ದು ಹರಿದು ಹೋಗಬೇಕು, ಭಾರದ್ದು ಪಟ್ಟಿಯ ಸಂದಿಯಲ್ಲಿ ಕೂರಬೇಕು. ಕೊನೆಗೆ ಕೂತದ್ದನ್ನು ಕಬ್ಬಿಣದ ಬಾಂಡ್ಲಿಗೆ ಹಾಕಿ ಕೈಯಲ್ಲಿ ತಿರುಗಿಸಿ ತೊಳೆಯಬೇಕು. ಗಾರೆಯವರು ಕಾಂಕ್ರೀಟ್ ಹೊರುವ ಬಾಂಡ್ಲಿ. ಗುಜರಿಯಲ್ಲಿ ತೊಂಬತ್ತು ರೂಪಾಯಿಗೆ ತಂದಿದ್ದರಂತೆ.

"ಇಲ್ಲೀತನಕ ಖರ್ಚು ನಾನೂರ ಇಪ್ಪತ್ತು" ಎಂದರು ಮಾವ, ಎದೆಯುಬ್ಬಿಸಿ. "ಅಂಗಡೀಲಿ ಇಂಥದ್ದಕ್ಕೆ ಇಪ್ಪತ್ತೈದು ಸಾವಿರ ಕೇಳ್ತಾರೆ."

ನಮ್ಮ ಮಾವ ಕೃಷ್ಣಯ್ಯನವರು ಮೂವತ್ತೆಂಟು ವರ್ಷ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಹೊಸ ಸಾಮಾನು ಕೊಳ್ಳುವುದೆಂದರೆ ಅವರಿಗೆ ಅವಮಾನ. ಆದರೆ ಈ ದೋಣಿಯನ್ನು ಅವರು ಹುಚ್ಚಿಗೆ ಕಟ್ಟಿದ್ದಲ್ಲ. ಅದಕ್ಕೆ ಕಾರಣ ನನ್ನ ಮೈದುನ ಕಿಟ್ಟಿ.

ಕಿಟ್ಟಿ ಒಂಬತ್ತು ವರ್ಷದಿಂದ ಒಡವೆ ಮಾಡುವ ವರ್ಕ್‌ಶಾಪ್ ಒಂದರಲ್ಲಿ ಕೆಲಸಕ್ಕಿದ್ದ. ದೇವೇಂದ್ರಪ್ಪ ಅಂತ ಮಾಲೀಕರು. ಬೆಳಿಗ್ಗೆ ಒಡವೆಗಳನ್ನು ತೂಗಿ ಕೈಗೆ ಕೊಡುತ್ತಾರೆ, ಸಂಜೆ ತೂಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಪಾಲಿಶ್ ಮಾಡುವಾಗ ಒಂದಿಷ್ಟು ಸವೆಯುತ್ತದೆ, ಅದಕ್ಕೆ ಇಷ್ಟು ಅಂತ ಲೆಕ್ಕ ಬಿಡುತ್ತಾರೆ. ಈ ಸಂಕ್ರಾಂತಿಯಿಂದ ಪಾಲಿಶ್ ಮೋಟರಿನ ಮುಂದೆ ಕಿಟ್ಟಿ ಕೂರುತ್ತಿದ್ದ. ಗಣೇಶನ ಹಬ್ಬಕ್ಕೆ ಲೆಕ್ಕ ಮಾಡಿದಾಗ, ಬಿಟ್ಟ ಸವಕಳಿಯೂ ಕಳೆದು ಹನ್ನೊಂದು ಗ್ರಾಂ ಕಡಿಮೆ ಬಂತು.

ದೇವೇಂದ್ರಪ್ಪ ಪೊಲೀಸು ಗಿಲೀಸು ಅನ್ನಲಿಲ್ಲ. "ನಾಳೆಯಿಂದ ಬರಬೇಡ" ಎಂದರು, ಅಷ್ಟೆ. ಅದು ಪೊಲೀಸಿಗಿಂತ ಕೆಟ್ಟದ್ದು. ಚಿನ್ನದ ಕೆಲಸದವರೆಲ್ಲ ಒಬ್ಬರಿಗೊಬ್ಬರು ಗೊತ್ತು, ಒಂದು ಕಡೆ ಕಳ್ಳ ಅನ್ನಿಸಿಕೊಂಡವನಿಗೆ ಇನ್ನೊಂದು ಕಡೆ ಸ್ಟೂಲ್ ಹಾಕಿಕೊಡುವವರಿಲ್ಲ.

"ಸಾರ್, ಹೋದ ದೀಪಾವಳೀಲಿ ಹೊಗೆ ಎಳೆಯೋ ಫ್ಯಾನ್ ಹಾಕ್ಸಿದ್ರಲ್ಲ, ಆವತ್ತಿಂದ್ಲೇ ಕಮ್ಮಿ ಬರ್ತಾ ಇರೋದು. ಚಿನ್ನ ಆ ಪೈಪಲ್ಲಿ ಹೋಗ್ತಾ ಇದೆ" ಎಂದು ಕಿಟ್ಟಿ ಕಾಲು ಹಿಡಿದಷ್ಟು ಮಾಡಿದ. ವರ್ಕ್‌ಶಾಪಿನ ಕಸದಿಂದ ಚಿನ್ನ ತೆಗೆಯಲು ಧೂಳು ಕೊಳ್ಳುವವನೊಬ್ಬ ಬಂದು ಪೈಪಿನ ಮಸಿ ಕೆದಕಿ ನೋಡಿ, ಇದರಲ್ಲೇನಿಲ್ಲ, ಬರೀ ಹತ್ತಿ, ಮೇಣ ಅಂದುಬಿಟ್ಟ. ದೇವೇಂದ್ರಪ್ಪ ಆ ಮಸಿ, ಪಾಲಿಶಿನ ಹಳೇ ಬಟ್ಟೆಚಕ್ರ, ಕಾಲಡಿಯ ಗೋಣಿ ಎಲ್ಲವನ್ನೂ ಮೂರು ಚೀಲಕ್ಕೆ ತುಂಬಿಸಿ, "ತಗೊಂಡ್ಹೋಗು. ಇದ್ರಲ್ಲಿದ್ರೆ ಆಯುಧಪೂಜೆ ದಿನ ತಂದು ತೋರ್ಸು. ಆಮೇಲೆ ಮಾತು" ಎಂದರು.

ಮೂರು ಚೀಲಗಳನ್ನು ಆಟೋದಲ್ಲಿ ಹಾಕಿಕೊಂಡು ಕಿಟ್ಟಿ ಮಾರೇನಹಳ್ಳಿಯ ನಮ್ಮ ಮನೆಗೆ ಬಂದ ಸಂಜೆ ನನಗೆ ಮರೆಯುವುದಿಲ್ಲ. ನಾನು ಆಗಷ್ಟೇ ನಾಗರಬಾವಿಯ ಜೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನನ್ನ ಗಂಡ ಸಿದ್ದೇಶ್ ಊಟಕ್ಕೆ ಕೂತಿದ್ದರು. ಅವರದು ಹಾಲಿನ ಬೂತು, ಬೆಳಗಿನ ನಾಲ್ಕಕ್ಕೇ ಏಳುತ್ತಾರಾದ್ದರಿಂದ ರಾತ್ರಿ ಏಳೂವರೆಗೆಲ್ಲ ಊಟ.

ಕಿಟ್ಟಿ ಎಲ್ಲವನ್ನೂ ಹೇಳಿದ. ಇವರು ತಲೆ ಎತ್ತಲಿಲ್ಲ.

"ಏನಾದ್ರೂ ಹೇಳಣ್ಣ" ಎಂದ ಕಿಟ್ಟಿ.

"ಏನ್ ಹೇಳ್ಲಿ? ನನ್ ಬೂತಲ್ಲಿ ಒಂದು ಪ್ಯಾಕೆಟ್ ಒಡೆದ್ರೂ ನನ್ ಜೇಬಿಂದಾನೇ ಹೋಗೋದು. ಫ್ಯಾನು ಎಳ್ಕೊಂಡು ಹೋಯ್ತು ಅಂದ್ರೆ ಯಾರಾದ್ರೂ ಕೇಳ್ತಾರೇನೋ?"

"ಅಂದ್ರೆ ನಾನು ತಗೊಂಡಿದೀನಿ ಅಂತಾನಾ?"

"ನಾನು ಹಂಗಂದ್ನಾ?"

ಅನ್ನಲಿಲ್ಲ, ನಿಜ. ಆದರೆ ಮಾರನೆಯ ದಿನ ಇವರು ಮಾಡಿದ ಒಂದು ಕೆಲಸ ಯಾವ ಮಾತಿಗಿಂತಲೂ ಜೋರಾಗಿ ಕೇಳಿಸಿತು. ಬೂತಿನ ದುಡ್ಡಿನ ಚೀಲ, ಖಾಕಿ ಬಟ್ಟೆಯದು, ಹನ್ನೆರಡು ವರ್ಷದಿಂದ ಹಾಲ್‌ನ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಬೀರುವಿಗಿಂತ ಅದರಲ್ಲೇ ನಮ್ಮ ಸಂಸಾರ ನಡೆಯುತ್ತಿದ್ದದ್ದು. ಕೊತ್ತಂಬರಿಸೊಪ್ಪಿನವನು ಬಂದರೆ, ಮಗಳಿಗೆ ಬಸ್ಸಿಗೆ ಬೇಕಾದರೆ, ಕಿಟ್ಟಿಗೆ ಪೆಟ್ರೋಲಿಗೆ ಬೇಕಾದರೆ ಅದರೊಳಗೆ ಕೈ ಹಾಕುವುದು, "ಐವತ್ತು ತಗೊಂಡೆ" ಎಂದು ಕೂಗಿ ಹೇಳುವುದು. ಅವತ್ತು ಸಂಜೆ ಇವರು ಬೂತಿನಿಂದ ಬಂದು ಆ ಚೀಲವನ್ನು ಸೀದಾ ರೂಮಿಗೆ ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕಿಟ್ಟಿ ಹಾಲ್‌ನಲ್ಲೇ ಇದ್ದ. ಬರಿಯ ಮೊಳೆ ನೋಡಿದ. ಎದ್ದು ಟೆರೇಸಿಗೆ ಹೋದ.

"ಒಡಹುಟ್ಟಿದವನು ಕಣ್ರೀ ಅವನು" ಎಂದೆ ರೂಮಿನಲ್ಲಿ.

"ಗೊತ್ತು ಕಣೇ. ನಂಗೇನ್ ಖುಷೀನಾ? ಚಿನ್ನ ಎಲ್ಲಿ ಹೋಯ್ತು ಹೇಳು, ಚೀಲ ತಂದು ನೇತಾಕ್ತೀನಿ."

ಟೆರೇಸಿನಲ್ಲಿ ಮಾವ ಆಗಲೇ ಒಂದು ಧೂಳಿನ ಚೀಲದ ಬಾಯಿ ಬಿಚ್ಚಿ, ಒಂದು ಚಿಟಿಕೆ ಮಸಿ ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದರು. "ಅಳ್ತಾ ಕೂತ್ಕೋಬೇಡ ಕಣೋ" ಅನ್ನುವುದು ಕೇಳಿಸಿತು. "ಚಿನ್ನ ಭಾರ, ಮಸಿ ಹಗುರ. ಇಷ್ಟೇ ವಿಷಯ. ಬೇರೆ ಮಾಡೋಕೆ ಒಂದು ಮೆಷಿನ್ ಬೇಕು, ಮಾಡೋಣ."

ಹಾಗೆ ಶುರುವಾದದ್ದು.

ಮೊದಲ ವಾರ ದೋಣಿ ಕಟ್ಟಿದ್ದಾಯಿತು. ಎರಡನೆಯ ವಾರ ಸುಡುವ ಕೆಲಸ. ಪಾಲಿಶ್ ಧೂಳಿನಲ್ಲಿ ಮೇಣ, ಹತ್ತಿ ಎಲ್ಲ ಇರುತ್ತದಾದ್ದರಿಂದ ಮೊದಲು ಬೂದಿ ಮಾಡಬೇಕು. ನೀರು ಕಾಯಿಸುವ ಹಳೇ ಹಂಡೆಯ ಒಲೆಯ ಮೇಲೆ ತಗಡಿಟ್ಟು ಮೂರು ದಿನ ಸುಟ್ಟರು. ಕೆಟ್ಟ ನಾತ. ಒಗೆದು ಹಾಕಿದ್ದ ನನ್ನ ಎರಡು ಸೀರೆ ಹೊಗೆ ಕುಡಿದವು. ಪಕ್ಕದ ಮನೆಯವರು ಕೇಳಿದ್ದಕ್ಕೆ ಅತ್ತೆ, "ಹೋಮ ಕಣ್ರೀ, ಮನೆಗೆ ದೃಷ್ಟಿಯಾಗಿತ್ತು" ಎಂದು ಹೇಳಿ ಬಾಯಿ ಮುಚ್ಚಿಸಿದರು. ಆಮೇಲೆ ಬೂದಿಯನ್ನು ನನ್ನ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದರು. ಹಳೇ ಸ್ಪೀಕರಿನ ಮ್ಯಾಗ್ನೆಟ್ಟು ಆಡಿಸಿ ಕಬ್ಬಿಣದ ಚೂರು ತೆಗೆದರು. ಜರಡಿ ಹೋದದ್ದಕ್ಕೆ ನಾನು ಒಂದು ದಿನ ಪೂರ್ತಿ ಮಾತು ಬಿಟ್ಟೆ.

ಕಿಟ್ಟಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಪಾದರಸ ಹಾಕಿದರೆ ಚಿನ್ನವೆಲ್ಲ ಅದಕ್ಕೆ ಅಂಟಿಕೊಳ್ಳುತ್ತದಂತೆ, ಆಮೇಲೆ ಕಾಯಿಸಿದರೆ ಆಯಿತಂತೆ ಎಂದ. ಮಗಳು ಸಂಘಮಿತ್ರಾ ಎರಡನೇ ಪಿಯುಸಿ, ಸೈನ್ಸು. ಅವಳು, "ಚಿಕ್ಕಪ್ಪ, ಆ ಹೊಗೆ ಕುಡಿದ್ರೆ ನರ ಹೋಗುತ್ತೆ" ಎಂದಳು. ನಾನು ಸೌಟು ಹಿಡಿದುಕೊಂಡೇ ಮೇಲೆ ಹೋದೆ.

"ಪಾದರಸ ಈ ಮನೆ ಹೊಸ್ತಿಲು ದಾಟಿದ್ರೆ ನಿಮ್ ದೋಣಿ ಗುಜರಿಗೆ ಹೋಗುತ್ತೆ. ಹೇಳಿದೀನಿ."

"ಬೇಡ ಬಿಡು ಕಲಾ" ಎಂದರು ಮಾವ. "ನೀರೇ ಸಾಕು. ನನ್ ದೋಣಿ ಮೇಲೆ ನಂಗೆ ನಂಬಿಕೆ ಇದೆ."

ನೀರಿನ ಮಾತು ಬಂದರೆ ನಮ್ಮ ಅತ್ತೆ ಚಿಕ್ಕಗಂಗಮ್ಮನವರ ವಿಷಯ ಹೇಳಬೇಕು. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಾಡಿದ ನೀರು ಅಂಗಳಕ್ಕೆ. ಒಂದು ಚೊಂಬು ಸುಮ್ಮನೆ ಮೋರಿಗೆ ಹೋದರೂ ಅವರಿಗೆ ಊಟ ಸೇರುವುದಿಲ್ಲ. ಟೆರೇಸಿನ ಮೇಲೆ ಪೇಂಟ್ ಡಬ್ಬಗಳಲ್ಲಿ ಅವರ ಹನ್ನೆರಡು ಗಿಡ, ಅದರಲ್ಲಿ ಒಂಬತ್ತು ವರ್ಷದ ಕರಿಬೇವು ದೊಡ್ಡ ಮಗ ಇದ್ದಂತೆ. ದೋಣಿಯ ಟಬ್ಬಿನಲ್ಲಿ ಉಳಿದ ನೀರು, ತಳದ ಕೆಸರು ಎಲ್ಲವನ್ನೂ ದಿನಾ ಸಂಜೆ ಆ ಡಬ್ಬಗಳಿಗೆ ಸುರಿಯುತ್ತಿದ್ದರು. "ಬೂದಿ ಒಳ್ಳೆ ಗೊಬ್ಬರ" ಎಂದು ಸಮಾಧಾನ.

ಮೂರನೆಯ ವಾರ ದೋಣಿ ಓಡಿತು. ಪಂಪು ಗುಂಯ್ ಎಂದಿತು, ನೀರು ಮ್ಯಾಟಿನ ಮೇಲೆ ಅಲೆಯಲೆಯಾಗಿ ಇಳಿಯಿತು. ನಿಜ ಹೇಳುತ್ತೇನೆ, ನೋಡಲು ಚೆನ್ನಾಗಿತ್ತು. ನಾನು ಜೆರಾಕ್ಸ್ ಅಂಗಡಿಯಿಂದ ಬಂದು ಚಪ್ಪಲಿ ಬಿಡದೆ ಮೇಲೆ ಓಡುತ್ತಿದ್ದೆ. ಮಾವ ಸ್ವಲ್ಪ ಸ್ವಲ್ಪವೇ ಬೂದಿ ಉದುರಿಸುವುದು, ಕಿಟ್ಟಿ ಪಟ್ಟಿಯ ಸಂದಿಯಲ್ಲಿ ಕೂತದ್ದನ್ನು ಬಾಂಡ್ಲಿಯಲ್ಲಿ ತಿರುಗಿಸುವುದು. ಕೆಲಸ ಮುಗಿದ ಮೇಲೆ ಕಿಟ್ಟಿಯನ್ನು ಕೆಳಗೆ ಕಳಿಸಿ ಮಾವ ಒಬ್ಬರೇ ಕೂತು ದೋಣಿ, ಪಟ್ಟಿ, ಬಾಂಡ್ಲಿ ಎಲ್ಲ ಒರೆಸಿ, ಗೋಣಿ ಮುಚ್ಚಿ ಇಳಿದು ಬರುತ್ತಿದ್ದರು. ಅವರಿಗೆ ಹತ್ತು ವರ್ಷ ವಯಸ್ಸು ಕಡಿಮೆಯಾದ ಹಾಗಿತ್ತು.

ಅದೇ ವಾರ ನನಗೂ ಮಗಳಿಗೂ ಕೊಬ್ಬರಿ ಎಣ್ಣೆಗೆ ಜಗಳವಾಯಿತು.

"ತಿಂಗಳಿಗೆ ಬರೋ ಬಾಟ್ಲಿ ಕಣೇ ಇದು, ಹತ್ತು ದಿನಕ್ಕೇ ಮುಗಿಸಿದ್ದೀಯ! ತಲೆಗೆ ಹಚ್ಕೊಂಡ್ಯಾ ಇಲ್ಲ ದೋಸೆ ಹುಯ್ಕೊಂಡ್ಯಾ?"

"ನಾನು ಎಣ್ಣೇನೇ ಮುಟ್ಟಿಲ್ಲಮ್ಮಾ! ಎಲ್ಲದಕ್ಕೂ ನನ್ನೇ ಬಯ್ತೀಯ."

ಹತ್ತು ದಿನದ ಕೊನೆಗೆ ಎರಡೂವರೆ ಚೀಲದ ಬೂದಿ ತೊಳೆದಾಗಿತ್ತು. ಬಂದ ಚಿನ್ನ ಒಂದು ಔಷಧಿ ಶೀಶೆಯ ತಳ ಮುಚ್ಚಿತ್ತು, ಅಷ್ಟೆ. ಕಿಟ್ಟಿ ಕಣ್ಣಳತೆಯಲ್ಲೇ ಹೇಳಿದ, ಎರಡು ಗ್ರಾಂ ಇದ್ದರೆ ಹೆಚ್ಚು.

ಶೀಶೆಯನ್ನು ಊಟದ ಹೊತ್ತಿನಲ್ಲಿ ಇವರ ಮುಂದಿಟ್ಟ. ಇವರು ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾದದ್ದು.

"ಸಾಕು ಬಿಡೋ ಕಿಟ್ಟಿ. ಸುಂಕದಕಟ್ಟೇಲಿ ಗೋಡೌನ್ ಕೆಲಸ ಇದೆಯಂತೆ. ಹೇಳಿಟ್ಟಿದೀನಿ."

"ನಾನು ಪಾಲಿಶ್ ಕೆಲಸದವನು ಅಣ್ಣ."

"ಕಳ್ಳ ಅನ್ನಿಸ್ಕೊಂಡ ಪಾಲಿಶ್ ಕೆಲಸದವನು. ಯಾರ್ ಕೊಡ್ತಾರೆ ನಿಂಗೆ ಚಿನ್ನ?"

ಮಾತು ಬಾಯಿಂದ ಬಿದ್ದ ಮೇಲೆ ಇವರೂ ಬೆಚ್ಚಿದರು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಕಿಟ್ಟಿ ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಆ ರಾತ್ರಿ ಮೆಟ್ಟಿಲ ಮೇಲೆ ಕೂತು ಅವನು ನನ್ನ ಹತ್ತಿರ ಒಂದು ಮಾತು ಹೇಳಿದ. "ಅತ್ತಿಗೆ, ನನಗಿಂತ ಮುಂಚೆ ಆ ಮೋಟರ್ ಮುಂದೆ ಅಮರೇಶ ಅಂತ ಇದ್ದ. ಸಂಕ್ರಾಂತಿಗೆ ಮುಂಚೆ ಮೂರು ಗ್ರಾಂ ಕಮ್ಮಿ ಬಂತು ಅಂತ ಕಳಿಸಿದ್ರು. ದೇವರಾಣೆ ತಗೊಂಡಿಲ್ಲ ಅಂತ ಅವನು ಅತ್ತ. ನಾನು ನಂಬ್ಲಿಲ್ಲ. ಅವನ ಸ್ಟೂಲಲ್ಲಿ ಹೋಗಿ ಕೂತೆ."

ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ.

ಭಾನುವಾರ. ಆಯುಧಪೂಜೆಗೆ ಹನ್ನೊಂದು ದಿನ. ಅತ್ತೆ ಟೆರೇಸಿನಲ್ಲಿ ರಾಗಿ ಜಾಲಿಸಲು ಕೂತರು. ಮಿಲ್ಲಿಗೆ ಹಾಕಿಸುವ ಮುಂಚೆ ರಾಗಿಯನ್ನು ನೀರಿನಲ್ಲಿ ಆಡಿಸಿ, ಕಾಳನ್ನು ಮಾತ್ರ ಅಲೆಯಂತೆ ಇನ್ನೊಂದು ಪಾತ್ರೆಗೆ ಇಳಿಸಿ, ಕಲ್ಲು ಮರಳನ್ನು ತಳದಲ್ಲೇ ಉಳಿಸಬೇಕು. ನಾನು ಮಾಡಿದರೆ ಅರ್ಧ ಕಲ್ಲು ಮುದ್ದೆಗೇ ಬರುತ್ತದೆ. ಅತ್ತೆ ಮಾಡಿದರೆ ಒಂದು ಸಾಸಿವೆಯಷ್ಟು ಮರಳೂ ದಾಟುವುದಿಲ್ಲ. ಅವತ್ತು ಅವರ ಬೇಸಿನ್‌ನಲ್ಲಿ ಬಟ್ಟೆ ನೆನೆದಿತ್ತು. ಅವರು ಗೋಣಿ ಸರಿಸಿ ಬಾಂಡ್ಲಿ ಎಳೆದುಕೊಂಡು ಒಂದು ಹಿಡಿ ರಾಗಿ, ಒಂದು ಚೊಂಬು ನೀರು ಹಾಕಿದರು.

"ಅಯ್ಯೋ ಅತ್ತೆ, ಅದ್ರಲ್ಲಿ ತಿನ್ನೋ ಪದಾರ್ಥ ಹಾಕ್ಬೇಡಿ!" ಎಂದೆ.

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಬಾಂಡ್ಲಿಯೊಳಗೆ ಬಗ್ಗಿ ನೋಡುತ್ತಿದ್ದರು.

"ಏನೇ ಕಲಾ ಇದು? ರಾಗಿ ತೇಲ್ತಾ ಇದೆ! ನೀರು ತಳಕ್ಕೆ ಅಂಟ್ತಾನೇ ಇಲ್ಲ ನೋಡು, ಕೆಸುವಿನೆಲೆ ಮೇಲೆ ನಿಂತಂಗೆ ನಿಂತಿದೆ."

ನಾನು ಬೆರಳಾಡಿಸಿ ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ! ನನ್ನ ತಲೆಯ ವಾಸನೆಯೇ ಬಾಂಡ್ಲಿಯಿಂದ ಬರುತ್ತಿತ್ತು. ದೋಣಿಯ ಪಟ್ಟಿ ಮುಟ್ಟಿದೆ. ಅದೂ ಜಿಡ್ಡು. ಮ್ಯಾಟೂ ಜಿಡ್ಡು.

"ಮಾವಾ!"

ಮಾವ ಪೇಪರ್ ಹಿಡಿದುಕೊಂಡೇ ಬಂದರು.

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ. ದಿನಾ ಸಂಜೆ ಹಚ್ತೀನಿ" ಎಂದರು ಹೆಮ್ಮೆಯಿಂದ. "ಮೆಷಿನ್ ಎಣ್ಣೆ ತುಟ್ಟಿ, ಅದಕ್ಕೆ ಕೊಬ್ಬರಿ ಎಣ್ಣೆ. ಕೆಲಸ ಮುಗಿದ ಮೇಲೆ ಕಬ್ಬಿಣಕ್ಕೆ ಎಣ್ಣೆ ಕೈ ಆಡಿಸ್ಲಿಲ್ಲ ಅಂದ್ರೆ ಬೆಳಿಗ್ಗೆಗೆ ತುಕ್ಕು ಹಿಡಿಯುತ್ತೆ. ಮೂವತ್ತೆಂಟು ವರ್ಷ ಒಂದು ದಿನಾನೂ..."

ಅಲ್ಲಿಗೆ ನಿಂತರು. ಅತ್ತೆ ಬಾಂಡ್ಲಿಯನ್ನು ಅವರ ಕಡೆ ತಿರುಗಿಸಿ ಹಿಡಿದಿದ್ದರು. ರಾಗಿ ಕಾಳುಗಳು ನೀರಿನ ಮೇಲೆ ತಣ್ಣಗೆ ಸುತ್ತುತ್ತಿದ್ದವು.

"ಎಣ್ಣೆ ಪಸೆ ಇರೋ ಪಾತ್ರೇಲಿ ಯಾರಾದ್ರೂ ಜಾಲಿಸ್ತಾರೇನ್ರೀ?" ಎಂದರು ಅತ್ತೆ. "ಕಾಳೇ ತೇಲುತ್ತೆ. ಆ ಹುಡಿ ಚಿನ್ನ ಮುಳುಗುತ್ತಾ?"

ಸಂಘಮಿತ್ರಾ ಪುಸ್ತಕ ಬಿಟ್ಟು ಬಂದವಳು ಹೇಳಿದಳು, "ಹೌದು ತಾತ. ಪುಡಿ ಅಷ್ಟು ಸಣ್ಣಗಿದ್ರೆ, ಜಿಡ್ಡು ಅಂಟಿದ್ರೆ ಭಾರ ಇದ್ರೂ ಮೇಲೇ ನಿಲ್ಲುತ್ತೆ. ಎಲ್ಲಾ ನೀರಿನ ಜೊತೆ ಹೊರಗೆ ಹೋಗಿರುತ್ತೆ."

ಕಿಟ್ಟಿ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮಾವನವರ ಮೇಲೆ ಕೂಗಿದೆ. "ಒಂದು ಮಾತು ಕೇಳ್ಬಾರ್ದಿತ್ತಾ ಮಾವಾ? ನಿಮ್ ಕಬ್ಬಿಣಕ್ಕೆ ತುಕ್ಕು ಹಿಡೀದೇ ಇರ್ಲಿ ಅಂತ ಈ ಹುಡುಗನ ಬದುಕಿಗೆ ಮಣ್ಣು ಹಾಕಿದ್ರಲ್ಲಾ!"

ಮಾವ ಪೇಪರನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಇಳಿದು ಹೋದರು. ಅಂದ ಮಾತಿಗೆ ನನಗೆ ಆಗಲೇ ನಾಚಿಕೆಯಾಗಿತ್ತು.

ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. "ಹೊರಗೆ ಅಂದ್ರೆ ಎಲ್ಲಿಗೆ ಹೋಗಿರುತ್ತೇ ಸಂಘಾ?" ಎಂದರು.

"ಮೋರಿಗೆ ಅಜ್ಜಿ."

"ಈ ಮನೇಲಿ ನೀರು ಯಾವತ್ತು ಮೋರಿಗೆ ಹೋಗಿದೆ?"

ಎಲ್ಲರೂ ಒಟ್ಟಿಗೆ ಆ ಹನ್ನೆರಡು ಪೇಂಟ್ ಡಬ್ಬಗಳ ಕಡೆ ತಿರುಗಿದೆವು. ಕಿಟ್ಟಿ ಹೋಗಿ ಕರಿಬೇವಿನ ಬುಡದ ಮಣ್ಣು ಕೆದಕಿ ಬಿಸಿಲಿಗೆ ಹಿಡಿದ. ಮಸಿ ಪದರದೊಳಗೆ, ಕಣ್ಣಿಗೆ ಕಂಡೂ ಕಾಣದ ಹಾಗೆ, ಹಳದಿ ಮಿಣಕು.

"ಅಮ್ಮಾ, ಗಿಡ ಎಲ್ಲಾ ಕೀಳ್ಬೇಕಾಗುತ್ತೆ" ಎಂದ ಮೆಲ್ಲಗೆ.

"ಕೀಳು" ಎಂದರು ಅತ್ತೆ. ಅಂದದ್ದೇನೋ ಥಟ್ಟನೆ ಅಂದರು. ಕರಿಬೇವು ಬೇರು ಸಮೇತ ಬಂದಾಗ ಮಾತ್ರ ಮುಖ ಆಚೆ ತಿರುಗಿಸಿಕೊಂಡು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಜಿಡ್ಡಿಗೆ ಏನು ಮಾಡುವುದು? ಕಿಟ್ಟಿ ಮತ್ತೆ ಫೋನು ತೆಗೆದ. ಅತ್ತೆ ಅವನ ಕೈ ತಳ್ಳಿದರು. "ಒಡವೆ ಜಿಡ್ಡು ಹೋಗೋಕೆ ಅಂಟುವಾಳ ಅಲ್ವೇನೋ? ನಮ್ಮಮ್ಮ ಬುಗುಡಿ ತೊಳೀತಿದ್ದದ್ದು ಅದ್ರಲ್ಲೇ." ಎರಡು ಸೇರು ಅಂಟುವಾಳ ಕಾಯಿ ಕುದಿಸಿದೆವು. ನೊರೆನೊರೆಯಾದ ಆ ನೀರಿನಲ್ಲಿ ಹನ್ನೆರಡು ಡಬ್ಬದ ಮಣ್ಣನ್ನೂ ಉಳಿದಿದ್ದ ಅರ್ಧ ಚೀಲ ಬೂದಿಯನ್ನೂ ನೆನೆಹಾಕಿದೆವು.

ಮಾವ ಎರಡು ದಿನ ಟೆರೇಸಿಗೆ ಬರಲಿಲ್ಲ. ಕಾಫಿ ಕೊಟ್ಟರೆ ಆಮೇಲೆ ಅನ್ನುವುದು, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವುದು. ನಾನು ಹೋಗಿ, "ತಪ್ಪಾಯ್ತು ಮಾವ, ಕೋಪದಲ್ಲಿ ಅಂದ್ಬಿಟ್ಟೆ" ಎಂದೆ.

"ನೀನು ಅಂದದ್ದು ಸರಿ ಕಣಮ್ಮ. ಕೆಲಸ ಗೊತ್ತು ಅನ್ನೋ ಜಂಬ ನಂದು."

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಜಂಬ ಆಮೇಲೆ ಇಳಿಸ್ಕೊಳ್ಳಿ. ಪಂಪು ನಿಂತಿದೆ, ಕಿಟ್ಟಿಗೆ ಬಿಚ್ಚೋಕೆ ಬರ್ತಾ ಇಲ್ಲ. ದೋಣಿ ನಿಮ್ದು, ಜಾಲಿಸೋದು ನಂದು. ಏಳಿ ಮೇಲೆ."

ಮಾವ ಎದ್ದರು. ಪಂಪಿನಲ್ಲಿ ಸಿಕ್ಕಿದ್ದ ದಾರ ತೆಗೆದರು. ಆಮೇಲೆ ದೋಣಿ, ಪಟ್ಟಿ, ಮ್ಯಾಟು, ಬಾಂಡ್ಲಿ ಎಲ್ಲವನ್ನೂ ಸೀಗೆಪುಡಿ ಹಾಕಿ ತಿಕ್ಕಿದರು. ತಾವು ಹಚ್ಚಿದ ಎಣ್ಣೆಯನ್ನು ತಾವೇ ತೆಗೆದರು, ಉಗುರಿನ ಸಂದಿಯೂ ಬಿಡದೆ. ಮಾರನೆಯ ಬೆಳಿಗ್ಗೆ ಬಾಂಡ್ಲಿಗೆ ಕೆಂಪಗೆ ತುಕ್ಕು ಹಿಡಿದಿತ್ತು. ಅವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು, ಆದರೆ ಎಣ್ಣೆ ಬಾಟಲಿ ಮುಟ್ಟಲಿಲ್ಲ.

ಆಮೇಲಿನ ಏಳು ದಿನ ಅತ್ತೆಯದು. ಮಣ್ಣು ದೋಣಿಯಲ್ಲಿ ಹರಿಯುತ್ತಿತ್ತು, ಕೂತದ್ದು ಅವರ ಕೈಗೆ ಬರುತ್ತಿತ್ತು. ಮಣೆಯ ಮೇಲೆ ಕೂತು ಬಾಂಡ್ಲಿಯನ್ನು ತೊಡೆಗೆ ಆನಿಸಿಕೊಂಡು, ಒಂದು ಕುಲುಕು, ಒಂದು ಓರೆ, ಒಂದು ಕುಲುಕು, ಒಂದು ಓರೆ. ಮರಳು ಅಂಚಿನಿಂದ ತೆಳ್ಳಗೆ ಜಾರಿ ಹೋಗುತ್ತಿತ್ತು. ಕೊನೆಗೆ ತಳದಲ್ಲಿ ಹಳದಿಯ ಒಂದು ಗೆರೆ, ರಂಗೋಲಿ ಎಳೆಯ ಹಾಗೆ. ಕಿಟ್ಟಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಇದು ಎಲ್ಲಿ ಕಲ್ತೆ ಅಮ್ಮಾ?"

"ಎಲ್ಲಿ ಕಲೀತಾರೋ? ದಿನಾ ತಿನ್ನೋ ಮುದ್ದೇಲಿ ನಿಂಗೆ ಯಾವತ್ತಾದ್ರೂ ಕಲ್ಲು ಸಿಕ್ಕಿದ್ಯಾ?"

ನಾಲ್ಕನೆಯ ದಿನ ಅವರ ಸೊಂಟ ಹಿಡಿದುಕೊಂಡಿತು. ಮಾರನೆಯ ಬೆಳಿಗ್ಗೆ ನಾನು ಟೆರೇಸಿಗೆ ಹೋದಾಗ ಮಣೆಯ ಪಕ್ಕದಲ್ಲಿ ಎರಡು ನೀಲಿ ಹಾಲಿನ ಕ್ರೇಟುಗಳಿದ್ದವು, ಒಂದರ ಮೇಲೆ ಒಂದು, ಮೇಲೆ ಮಡಿಸಿದ ಗೋಣಿ. ಯಾರು ಇಟ್ಟದ್ದೆಂದು ಕೇಳುವ ಅಗತ್ಯವಿರಲಿಲ್ಲ. ಊಟದ ಹೊತ್ತಿನಲ್ಲಿ ಇವರ ಮುಖ ನೋಡಿದೆ.

"ಏನ್ ನೋಡ್ತೀಯ? ಅಮ್ಮ ಬಗ್ಗಿ ಬಗ್ಗಿ ಸೊಂಟ ಹೋದ್ರೆ ಆಸ್ಪತ್ರೆಗೆ ನಾನೇ ತಾನೇ ಓಡ್ಬೇಕು?" ಎಂದರು. ಚೀಲ ಮಾತ್ರ ಇನ್ನೂ ಬೀರುವಿನಲ್ಲೇ ಇತ್ತು.

ಆಯುಧಪೂಜೆಯ ಬೆಳಿಗ್ಗೆ ನಾವು ನಾಲ್ವರು ಹೊರಟೆವು. ಮಾವ, ಅತ್ತೆ, ಕಿಟ್ಟಿ, ನಾನು. ಶೀಶೆ ಅತ್ತೆಯ ಸೊಂಟದಲ್ಲಿ. ವರ್ಕ್‌ಶಾಪಿನ ಮೋಟರುಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿತ್ತು, ಬಾಗಿಲಲ್ಲಿ ಬೂದುಗುಂಬಳ ಕಾಯುತ್ತಿತ್ತು. ಐದು ಜನ ಕೆಲಸದವರು ಹೊಸ ಶರ್ಟಿನಲ್ಲಿ ನಿಂತಿದ್ದರು. ಕಿಟ್ಟಿಯನ್ನು ಕಂಡು ಮೋಟರಿನ ಹೂವು ಸರಿಮಾಡತೊಡಗಿದರು.

ದೇವೇಂದ್ರಪ್ಪ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸೆಗೆ ಸುರಿದು, ಬಿಳಿಗಾರ ಉದುರಿಸಿ, ಬೆಂಕಿ ಹಿಡಿದರು. ಪುಡಿ ಕಪ್ಪಾಗಿ, ಕೆಂಪಾಗಿ, ಒಂದು ಗಳಿಗೆಯಲ್ಲಿ ಒಟ್ಟುಗೂಡಿ ಗುಂಡಗೆ ನಡುಗಿತು. ತಣಿದ ಮೇಲೆ ಒರೆಗೆ ಹಚ್ಚಿ ನೋಡಿದರು. ಅದೇ ಚಿನ್ನ, ಅದೇ ಕ್ಯಾರೆಟ್ಟು. ಬಟಾಣಿಗಿಂತ ಚಿಕ್ಕದಾದ ಆ ಗುಂಡನ್ನು ತಕ್ಕಡಿಯ ಮೇಲಿಟ್ಟರು.

ಹದಿಮೂರು ಗ್ರಾಂ ಇನ್ನೂರು ಮಿಲಿ.

ದೇವೇಂದ್ರಪ್ಪ ಎತ್ತಿ, ತಕ್ಕಡಿ ಸೊನ್ನೆ ಮಾಡಿ, ಮತ್ತೆ ಇಟ್ಟರು. ಅಷ್ಟೇ ಬಂತು.

"ಹನ್ನೊಂದಲ್ವಾ ಕಮ್ಮಿ ಇದ್ದದ್ದು?" ಎಂದರು.

"ನನ್ ಕಾಲದಲ್ಲಿ ಹನ್ನೊಂದು ಸಾರ್" ಎಂದ ಕಿಟ್ಟಿ. ಅವನ ದನಿ ಗಟ್ಟಿಯಾಗಿತ್ತು. "ಮಿಕ್ಕಿದ್ದು ನಂದಲ್ಲ. ಅಮರೇಶಂದು. ಫ್ಯಾನ್ ಹಾಕ್ದಾಗ ಅಲ್ಲಿ ಕೂತಿದ್ದೋನು ಅವನು."

ದೇವೇಂದ್ರಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಅವರ ಬಾಯಿಂದ ಮಾತು ಹೊರಡಿಸುವುದು ಹಲ್ಲು ಕೀಳಿಸಿದಷ್ಟು ಕಷ್ಟವಾಯಿತು.

"ನಾಳಿದ್ದಿಂದ ಕೆಲಸಕ್ಕೆ ಬಾ ಕಿಟ್ಟಿ."

"ಬರ್ತೀನಿ ಸಾರ್. ಮೊದಲು ಇವರ ಮುಂದೆ ಹೇಳಿ. ಕಳ್ಳ ಅಲ್ಲ ಅಂತ. ಆಮೇಲೆ ಅಮರೇಶಂಗೆ ಫೋನ್ ಮಾಡಿ. ಈಗ್ಲೇ."

ಹೇಳಿದರು. ಐದು ಜನರ ಕಡೆ ತಿರುಗಿ, "ಕಿಟ್ಟಿ ತಗೊಂಡಿರ್ಲಿಲ್ಲ ಕಣ್ರಪ್ಪಾ, ತಪ್ಪು ನಂದು, ನಾನು ಹಾಕ್ಸಿದ ಫ್ಯಾನಿಂದು" ಎಂದರು. ಆಮೇಲೆ ಅಲ್ಲೇ ನಿಂತು ಫೋನ್ ಮಾಡಿದರು. ಆ ಕಡೆ ಅಮರೇಶ ಏನಂದನೋ ಕೇಳಿಸಲಿಲ್ಲ, ಬಹಳ ಹೊತ್ತು ದೇವೇಂದ್ರಪ್ಪ "ಹೌದಪ್ಪ, ಹೌದಪ್ಪ" ಎನ್ನುತ್ತಲೇ ಇದ್ದರು. ಅತ್ತೆಯ ಕಣ್ಣಲ್ಲಿ ನೀರು ಧಾರಾಕಾರವಾಗಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ.

ಫೋನಿಟ್ಟ ಮೇಲೆ ದೇವೇಂದ್ರಪ್ಪ ಕೇಳಿದರು, "ಇದನ್ನ ತೊಳೆದದ್ದು ಯಾರು? ಧೂಳು ಕೊಳ್ಳೋನೇ ಏನಿಲ್ಲ ಅಂದಿದ್ದ."

"ನಾನು" ಎಂದರು ಅತ್ತೆ. "ಮೆಷಿನ್ ಇವರದು."

"ಇನ್ಮೇಲೆ ನಮ್ ಧೂಳು ನೀವೇ ಜಾಲಿಸಿ ಕೊಡ್ತೀರಾ ತಾಯಿ?"

"ಕೊಡೋಣ. ಕೂಲಿ ಏನು ಅಂತ ಮೊದ್ಲು ಮಾತಾಗ್ಲಿ. ಒಂದು ಕರಿಬೇವಿನ ಗಿಡಾನೂ ನಿಮ್ ಕಡೆಯಿಂದಾನೇ ಬರ್ಬೇಕು."

ಮಾವ ನಗುವನ್ನು ತಡೆಯಲು ಕೆಮ್ಮಿದರು.

ಮನೆಗೆ ಬಂದಾಗ ಹನ್ನೆರಡೂವರೆ. ಇವರಿಗೆ ನಾನೇ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಆ ಕಡೆಯಿಂದ "ಹೂಂ" ಅನ್ನುವುದು ಬಿಟ್ಟು ಮಾತು ಬಂದಿರಲಿಲ್ಲ. ನಾನು ಹೋಳಿಗೆ ತಟ್ಟುತ್ತಿದ್ದೆ, ಹಾಲ್‌ನಲ್ಲಿ ಕಿಟ್ಟಿ ನೆಲದ ಮೇಲೆ ಕೂತು ಸಂಘಮಿತ್ರಾಗೆ ತಕ್ಕಡಿಯ ಕಥೆ ಹೇಳುತ್ತಿದ್ದ. ಇವರು ಬೂತಿಗೆ ಪೂಜೆ ಮಾಡಿ ಹಣೆ ತುಂಬ ಕುಂಕುಮ ಬಳಿದುಕೊಂಡು ಬಂದರು. ಚಪ್ಪಲಿ ಬಿಟ್ಟರು. ಕಿಟ್ಟಿಯನ್ನು ನೋಡಿದರು. ಅಡುಗೆಮನೆಯಿಂದ ನಾನು ನೋಡುತ್ತಲೇ ಇದ್ದೆ, ಹೋಳಿಗೆ ಸೀದ ವಾಸನೆ ಬಂದರೂ ತಿರುಗಿಸಲಿಲ್ಲ.

ಭುಜದ ಮೇಲಿನ ಖಾಕಿ ಚೀಲ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

"ಗಾಡಿ ಪೂಜೆಗೆ ನಿಂಬೆಹಣ್ಣು ಮರೆತ್ಬಿಟ್ಟೆ ಕಣೋ ಕಿಟ್ಟಿ" ಎಂದರು, ಗೋಡೆಯ ಕಡೆ ನೋಡುತ್ತ. "ಚೀಲದಲ್ಲಿ ತಗೊಂಡು ನಾಲ್ಕು ತಂದ್ಬಿಡು."

ಕಿಟ್ಟಿ ಎದ್ದು ಮೊಳೆಯ ಹತ್ತಿರ ಹೋಗಿ ಚೀಲದೊಳಗೆ ಕೈ ಹಾಕಿದ.

"ಐವತ್ತು ತಗೊಂಡೆ" ಎಂದು ಕೂಗಿದ.

"ತಗೊಳೋ" ಎಂದರು ಇವರು. ಸೀದ ಹೋಳಿಗೆಯನ್ನು ತಟ್ಟೆಗೆ ತೆಗೆದು ನಾನು ಇವರ ಮುಂದೆಯೇ ಇಟ್ಟೆ. ಕಪ್ಪಾದ ಅಂಚೂ ಬಿಡದೆ ತಿಂದರು.

ಕಿಟ್ಟಿ ನಿಂಬೆಹಣ್ಣು ತಂದ. ಮಿಕ್ಕ ಚಿಲ್ಲರೆಯನ್ನು ಚೀಲಕ್ಕೆ ಹಾಕಿದ. ನಾಣ್ಯ ನಾಣ್ಯದ ಮೇಲೆ ಬಿದ್ದು ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.